ಎರಡು ನೀರ ನಡುವಿನ ನಾಡು

ಕಂಕಣವಾಡಿಯ ದಂಡೆಯಲ್ಲಿ ದೋಣಿ ಹತ್ತಿದಾಗ ನಮ್ಮ ಜೊತೆ ಒಂದು ಮೋಟರ್‌ಬೈಕು, ಎರಡು ಚೀಲ ಗೊಬ್ಬರ, ಖಾಲಿ ಹಾಲಿನ ಕ್ಯಾನು ಮತ್ತು ಒಂದು ಕರು ಇದ್ದವು. ಕರುವಿನ ಹಗ್ಗ ಹಿಡಿದು ಕೂತಿದ್ದ ಹಿರಿಯರು ನನ್ನ ಅಕ್ಕನ ಮೊಮ್ಮಗಳ ಮುಖ ನೋಡಿದರು. ಹನ್ನೆರಡು ವರ್ಷದ ಹುಡುಗಿ. ದೋಣಿ ಅಲುಗಿದಾಗಲೆಲ್ಲ ಅಪ್ಪನ ತೋಳು ಬಿಗಿ ಹಿಡಿಯುತ್ತಿದ್ದಳು. "ಅಂಜಬ್ಯಾಡವಾ, ನಿನಗ ಇದು ಹೊಳಿ. ನಮಗ ಇದು ದಾರಿ" ಅಂದರು.

ಡಿಸೆಂಬರ್ ಕೊನೆಯ ವಾರ. ಆಲಮಟ್ಟಿಯ ಹಿನ್ನೀರು ಇನ್ನೂ ಇಳಿದಿರಲಿಲ್ಲ. ಜಮಖಂಡಿ ತಾಲ್ಲೂಕಿನ ಕಂಕಣವಾಡಿ, ಮುತ್ತೂರುಗಳ ಹತ್ತಿರ ಕೃಷ್ಣೆ ತನ್ನ ಮೈ ಹರವಿಕೊಂಡು ಹೊಲಗಳನ್ನು ನಡುಗಡ್ಡೆ ಮಾಡಿಟ್ಟಿದ್ದಾಳೆ. ಅಲ್ಲಿ ಮನೆಗಳಿವೆ, ದನಗಳಿವೆ, ಕಬ್ಬು ಇದೆ. ಮಳೆಗಾಲದಲ್ಲಿ ಮಹಾರಾಷ್ಟ್ರದ ಕಡೆಯಿಂದ ನೀರು ಬಿಟ್ಟ ಸುದ್ದಿ ಬಂದಾಗ ಪತ್ರಿಕೆಗಳಲ್ಲಿ ಈ ನಡುಗಡ್ಡೆಗಳ ಹೆಸರು ಬರುತ್ತದೆ. ನೆರೆ ಇಳಿದ ಮೇಲೆ ಮರೆತುಹೋಗುತ್ತದೆ. ಕಬ್ಬು ಕಡಿದ ಮೇಲೆ ಅದನ್ನು ನೀರು ದಾಟಿಸಿ ಕಾರ್ಖಾನೆಗೆ ಮುಟ್ಟಿಸುವುದೇ ಇಲ್ಲಿಯ ರೈತನ ದೊಡ್ಡ ಚಿಂತೆ. ಕಂಕಣವಾಡಿಯವರು ಯಾರ ದಾರಿಯನ್ನೂ ಕಾಯದೆ ಬ್ಯಾರಲ್‌ಗಳನ್ನು ಜೋಡಿಸಿ ತೇಲುವ ಸೇತುವೆ ಕಟ್ಟಿಕೊಂಡ ಕಥೆಯನ್ನು ಆ ಹಿರಿಯರು ದಡ ಮುಟ್ಟುವುದರೊಳಗೆ ಹೇಳಿ ಮುಗಿಸಿದರು. ಯಾವ ಬ್ಯಾರಲ್ ಎಲ್ಲಿಂದ ತಂದರು, ಹಗ್ಗ ಯಾಕೆ ಸಾಲಲಿಲ್ಲ, ಮೊದಲು ದಾಟಿದವನು ಯಾರು, ಎಲ್ಲವನ್ನೂ. ಹುಡುಗಿ ಅಪ್ಪನ ತೋಳು ಬಿಟ್ಟು ಕೇಳುತ್ತ ಕೂತಿದ್ದಳು.

ಅವಳು ಬೆಳೆಯುತ್ತಿರುವುದು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ. ಅಪ್ಪ, ಅಂದರೆ ನನ್ನ ಅಕ್ಕನ ಮಗ, ಅಲ್ಲಿ ಎಂಜಿನಿಯರು. ಎರಡು ವರ್ಷದ ಹಿಂದೆ ಅವರು ಅಬರ್ಡೀನ್‌ನಿಂದ ಹಡಗು ಹತ್ತಿ ಉತ್ತರಕ್ಕೆ ಆರ್ಕ್ನಿ ದ್ವೀಪಗಳಿಗೆ ಹೋಗಿ ಬಂದಿದ್ದರು. ಹಾಗೆ ನೋಡಿದರೆ ಈ ಬರಹ ಹುಟ್ಟಿದ್ದು ದೋಣಿ ಹತ್ತುವ ಹಿಂದಿನ ರಾತ್ರಿ ಅವನು ಊಟಕ್ಕೆ ಕೂತು ಹೇಳಿದ ಆ ದ್ವೀಪದ ಮಾತಿನಿಂದ.

ಆರ್ಕ್ನಿಯಲ್ಲಿ ಇರುವ ಜನ ಇಪ್ಪತ್ತೆರಡು ಸಾವಿರದ ಆಸುಪಾಸು. ನಮ್ಮ ಜಮಖಂಡಿ ಪಟ್ಟಣವೊಂದರಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ. ಮರ ಕಡಿಮೆ, ಗಾಳಿ ಬಹಳ. 1850ರಲ್ಲಿ ಬಿರುಗಾಳಿಯೊಂದು ಕಡಲ ದಂಡೆಯ ಮರಳನ್ನು ಎತ್ತಿಕೊಂಡು ಹೋದಾಗ ಅದರಡಿ ಕಲ್ಲಿನ ಮನೆಗಳು ಕಂಡವು. ಅದೇ ಐದು ಸಾವಿರ ವರ್ಷ ಹಳೆಯ ಸ್ಕಾರಾ ಬ್ರೇ. ಹತ್ತಿರದಲ್ಲೇ ಮೇಸ್‌ಹೌ ಎಂಬ ಗೋರಿ. ಹೊರಗಿನಿಂದ ಅದು ಹುಲ್ಲು ಬೆಳೆದ ದಿಬ್ಬ, ಅಷ್ಟೆ. ಅದರೊಳಗೆ ಯಾರೂ ತಾವಾಗಿ ಹೋಗುವಂತಿಲ್ಲ. ಗೈಡ್ ಜೊತೆಗೆ, ಸಣ್ಣ ಗುಂಪಾಗಿ, ಮೊದಲೇ ಹೆಸರು ಹಚ್ಚಿ ಹೋಗಬೇಕು. ಹತ್ತು ಮೀಟರ್ ಉದ್ದದ ಕಲ್ಲಿನ ಕಿಂಡಿಯಲ್ಲಿ ಸೊಂಟ ಬಗ್ಗಿಸಿ ನಡೆದರೆ ಒಳಗೆ ಎದ್ದು ನಿಲ್ಲುವಷ್ಟು ಜಾಗ. ಅಲ್ಲಿ ಗೈಡ್ ಬ್ಯಾಟರಿ ಬೆಳಕನ್ನು ಗೋಡೆಯ ಮೇಲೆ ಓರೆಯಾಗಿ ಬಿಡುತ್ತಾರೆ. ಆಗ ಗೀರುಗಳು ಎದ್ದು ಬರುತ್ತವೆ. 12ನೆಯ ಶತಮಾನದಲ್ಲಿ ಒಳನುಗ್ಗಿದ ನಾರ್ವೆ ಕಡೆಯ ಜನ ಕೆತ್ತಿದ ಮೂವತ್ತಕ್ಕೂ ಹೆಚ್ಚು ಬರಹಗಳು. ಇದನ್ನು ಕೆತ್ತಿದವನು ಇಂಥವನು, ಇಂಥ ಹೆಣ್ಣು ಬಲು ಚೆಲುವೆ, ನಿಧಿ ಇತ್ತು, ಒಯ್ದುಬಿಟ್ಟರು, ಇಂಥವೇ ಮಾತು. ಚಳಿಗಾಲದ ಅತಿ ಚಿಕ್ಕ ಹಗಲಿನ ಆಚೀಚೆ ಮುಳುಗುವ ಸೂರ್ಯನ ಬೆಳಕು ಅದೇ ಕಿಂಡಿಯಲ್ಲಿ ಹಾದು ಎದುರು ಗೋಡೆ ಮುಟ್ಟುತ್ತದೆ. 1999ರಲ್ಲಿ ಈ ತಾಣಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದವು.

"ಮಾಮಾ, ಗೈಡ್ ಇರದಿದ್ದರ ನಾವು ಅದನ್ನ ದಿಬ್ಬ ಅಂದ್ಕೊಂಡು ಮುಂದ ಹೋಗತಿದ್ವಿ" ಅಂದ ಅವನು. ಆಮೇಲೆ ರೊಟ್ಟಿ ಮುರಿಯುತ್ತ, "ಇಲ್ಲೂ ನಾ ಹಂಗs ಮುಂದ ಹೋಗೇನಿ, ಹದಿನೆಂಟು ವರ್ಷ" ಅಂದ. ಅವನು ಪಿಯುಸಿವರೆಗೆ ಓದಿದ್ದು ಜಮಖಂಡಿಯಲ್ಲೇ.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬಾದಾಮಿ, ಐಹೊಳೆ, ಪಟ್ಟದಕಲ್ಲು ನಮ್ಮದೇ ಬಾಗಲಕೋಟೆ ಜಿಲ್ಲೆಯವು. ಪಟ್ಟದಕಲ್ಲಿಗೆ 1987ರಲ್ಲೇ ಜಗತ್ತಿನ ಮನ್ನಣೆ ಬಂತು. ಅಲ್ಲಿ ಗೈಡುಗಳಿದ್ದಾರೆ, ಫಲಕಗಳಿವೆ, ಬಸ್ಸುಗಟ್ಟಲೆ ಶಾಲೆಯ ಮಕ್ಕಳು ಬರುತ್ತಾರೆ. ಅದೇ ಜಿಲ್ಲೆಯ ಉತ್ತರದ ಅರ್ಧ, ಅಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಕಬ್ಬಿನ ಸೀಮೆ ಎಂದಷ್ಟೇ ಹೆಸರಾಗಿ ಉಳಿದಿದೆ. ಇಲ್ಲಿ ನೋಡುವುದು ಏನೂ ಇಲ್ಲ ಅನ್ನುವ ಮಾತನ್ನು ಹೊರಗಿನವರಿಗಿಂತ ಹೆಚ್ಚಾಗಿ ಇಲ್ಲಿಯವರ ಬಾಯಲ್ಲೇ ಕೇಳಿದ್ದೇನೆ. ಇಲ್ಲಿ ಕೊರತೆ ಇರುವುದು ನೋಡುವುದಕ್ಕಲ್ಲ, ಜೊತೆಗೆ ನಿಂತು ಹೇಳುವವರಿಗೆ.

ದ್ವೀಪ ಎಂಬ ಮಾತನ್ನು ಬಿಡಿಸಿದರೆ 'ದ್ವಿ' ಮತ್ತು 'ಅಪ್': ಎರಡು ಕಡೆ ನೀರು. ನಾಲ್ಕೂ ಕಡೆ ನೀರಿರಬೇಕು ಎಂಬ ಹಟ ಆ ಮಾತಿನ ಹುಟ್ಟಿನಲ್ಲಿ ಇಲ್ಲ. ಪಡುವಣಕ್ಕೆ ಬೆಳಗಾವಿಯ ಕಡೆ ನೆಲ ತೆರೆದಿದೆ; ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ಘಟಪ್ರಭೆ. ಎರಡೂ ಮೂಡಣಕ್ಕೆ ಹರಿದು ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಕೂಡುತ್ತವೆ. ಭೂಪಟದಲ್ಲಿ ಬೆರಳಾಡಿಸಿದರೆ ನಮ್ಮ ನಾಲ್ಕೂ ಊರುಗಳು ಆ ಎರಡು ನೀರಿನ ನಡುವೆ ಕೂತಿವೆ. ಮರುದಿನ ಬೆಳಿಗ್ಗೆ ಕಾರಿಗೆ ಡೀಸೆಲ್ ಹಾಕಿಸಿ, "ನಡೀರಿ, ನಮ್ಮ ದ್ವೀಪಾನೂ ನೋಡೂಣು" ಅಂದೆ. ಕಂಕಣವಾಡಿಯ ದೋಣಿ ಅದರ ಮೊದಲ ಹೆಜ್ಜೆ.

ನಡುಗಡ್ಡೆಯಿಂದ ಮರಳಿ ಚಿಕ್ಕಪಡಸಲಗಿಯ ಬ್ಯಾರೇಜಿಗೆ ಬಂದೆವು. ಇಲ್ಲಿ ಗೈಡ್ ಇಲ್ಲದೆ ನಿಂತವನಿಗೆ ಕಾಣುವುದು ಕಂಬಗಳ ಸಾಲು, ನಿಂತ ನೀರು. ಕಥೆ ಗೊತ್ತಿದ್ದವನಿಗೆ ಆ ಕಂಬಗಳ ಹತ್ತಿರ ಮೈ ನವಿರೇಳುತ್ತದೆ. ಎಂಬತ್ತರ ದಶಕದಲ್ಲಿ ಬೇಸಿಗೆ ಬಂತೆಂದರೆ ಇಲ್ಲಿ ಕೃಷ್ಣೆ ಬತ್ತುತ್ತಿದ್ದಳು. ದಂಡೆಯ ಪಂಪ್‌ಸೆಟ್ಟುಗಳು ಮರಳು ನೋಡುತ್ತ ನಿಲ್ಲುತ್ತಿದ್ದವು, ನಿಂತ ಬೆಳೆ ಒಣಗುತ್ತಿತ್ತು. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ಕೃಷ್ಣಾ ತೀರ ರೈತ ಸಂಘ ಕಟ್ಟಿದರು. ತಮ್ಮ ಕೈಯಿಂದ ದುಡ್ಡು ಹಾಕಿದರು. ಊರೂರಿನಿಂದ ಬಂದು ಕಲ್ಲು ಮಣ್ಣು ಹೊತ್ತರು. 1989ರಲ್ಲಿ ಬ್ಯಾರೇಜ್ ನಿಂತಿತು. ದೇಶದಲ್ಲೇ ರೈತರು ತಾವಾಗಿ ಕಟ್ಟಿಕೊಂಡ ಮೊದಲ ಬ್ಯಾರೇಜ್ ಎಂದು ಹೆಸರಾಯಿತು. ಅವರು ಅದಕ್ಕಿಟ್ಟ ಹೆಸರು ಶ್ರಮಬಿಂದು ಸಾಗರ: ಬೆವರ ಹನಿಯ ಸಮುದ್ರ. ಎರಡು ವರ್ಷದ ನಂತರ, 1991ರ ಲೋಕಸಭಾ ಚುನಾವಣೆಯಲ್ಲಿ 'ಬ್ಯಾರೇಜ್ ಸಿದ್ದು' ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ, ಕೇಂದ್ರದಲ್ಲಿ ಮಂತ್ರಿಯೂ ಆದರು. 2018ರ ಮೇ ತಿಂಗಳಲ್ಲಿ, ಜಮಖಂಡಿಯಿಂದ ಶಾಸಕರಾಗಿ ಆಯ್ಕೆಯಾದ ಕೆಲವೇ ದಿನಗಳಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಪರಂಪರೆ ಎಂದರೆ ಸಾವಿರ ವರ್ಷ ಹಳೆಯದಾಗಿರಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ನನ್ನ ಮಟ್ಟಿಗೆ ಈ ಸೀಮೆಯ ಪ್ರವಾಸ ಶುರುವಾಗಬೇಕಾದದ್ದು ಈ ಬ್ಯಾರೇಜಿನಿಂದಲೇ. ಇಲ್ಲಿ ಕಲ್ಲು ಹೊತ್ತವರಲ್ಲಿ ಇನ್ನೂ ಬದುಕಿದ್ದವರಿದ್ದಾರೆ. ಮೇಸ್‌ಹೌ ಗೋರಿ ಕಟ್ಟಿದವರನ್ನು ಕೇಳಲಾಗದು. ಇವರನ್ನು ಕೇಳಬಹುದು, ಈಗ ಕೇಳಿದರೆ.

ಜಮಖಂಡಿ ಊರೊಳಗೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಪಟವರ್ಧನ ಮನೆತನ 1811ರಿಂದ ಆಳಿದ ಸಂಸ್ಥಾನದ ರಾಜಧಾನಿ ಇದು. ಗುಡ್ಡದ ಮೇಲೆ ರಾಮತೀರ್ಥ, ಅರಮನೆ, ಉಮಾರಾಮೇಶ್ವರ ಗುಡಿ. ಕೆಳಗೆ ಪರಶುರಾಮಭಾವು ಹೆಸರಿನ ಹೈಸ್ಕೂಲು. 1937ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲಿ ನಡೆಯಿತು. ದರ್ಬಾರಿನ ಭಾಷೆ ಮರಾಠಿಯಾಗಿದ್ದ ಊರಲ್ಲಿ ಕನ್ನಡದ ಸಮ್ಮೇಳನ ಕೂಡಿತ್ತು ಎಂಬುದನ್ನು ನಾನು ಹುಡುಗಿಗೆ ಎರಡು ಸಲ ಹೇಳಿದೆ, ಅವಳು ತಲೆಯಾಡಿಸುವವರೆಗೆ.

ಈ ಮಾತಿಗೆ ಹೊಂದಿಕೊಂಡೇ ಇನ್ನೊಂದು ಸಂಗತಿ ಇದೆ. ನಮ್ಮ ನಾಲ್ಕು ಊರು ಇಂದು ಒಂದೇ ಜಿಲ್ಲೆಯಲ್ಲಿ ನೆರೆಹೊರೆಯಾಗಿವೆ. ಆದರೆ 1948ರವರೆಗೆ ಮುಧೋಳ ಘೋರ್ಪಡೆಯವರದ್ದು, ಜಮಖಂಡಿ ಮತ್ತು ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ರಬಕವಿ-ತೇರದಾಳ ಸಾಂಗ್ಲಿ ಸಂಸ್ಥಾನದ್ದು, ಬೀಳಗಿ ಮಾತ್ರ 1947ರವರೆಗೆ ನೇರವಾಗಿ ಬ್ರಿಟಿಷರ ಕೈಯಲ್ಲಿ. ಇಂದು ಹೈಫನ್ ಹಾಕಿ ಒಂದೇ ಉಸಿರಿಗೆ ಹೇಳುವ ರಬಕವಿ-ಬನಹಟ್ಟಿ ಅಂದು ಎರಡು ಸರ್ಕಾರಗಳ ಊರು. ಇಂಥ ಗಡಿಗಳನ್ನು ಯಾವ ಫಲಕವೂ ತೋರಿಸುವುದಿಲ್ಲ. ನಡೆಸಿಕೊಂಡು ಹೋಗಿ, ಇಲ್ಲಿಂದ ಅಲ್ಲಿಗೆ ಒಬ್ಬ ರಾಜ ಮುಗಿದು ಇನ್ನೊಬ್ಬ ಶುರುವಾಗುತ್ತಿದ್ದ ಎಂದು ಕೈಮಾಡಿ ಹೇಳುವವರು ಬೇಕು.

ಬನಹಟ್ಟಿಯ ಓಣಿಗಳಿಗೆ ಕಣ್ಣಿಗಿಂತ ಮೊದಲು ಕಿವಿ ಹೋಗುತ್ತದೆ. ಕಾರಿನ ಗಾಜು ಇಳಿಸಿದೊಡನೆ ವಿದ್ಯುತ್ ಮಗ್ಗಗಳ ಖಟಖಟ. ಪಕ್ಕದವರ ಮಾತು ಕೇಳಬೇಕೆಂದರೆ ಮುಖ ನೋಡಬೇಕು. ನಾವು ಹೋದದ್ದು ಕುಣಿಮಗ್ಗ ಉಳಿಸಿಕೊಂಡ ಒಂದು ಮನೆಗೆ. ನನ್ನ ಪರಿಚಯದ ಮನೆ. "ಬರ್ರಿ, ಒಳಗ ಬರ್ರಿ. ಯವ್ವಾ, ತಲಿ ಬಾಗಿಸಿ ಬಾ, ಬಾಗಲಾ ತಗ್ಗೈತಿ" ಎಂದು ಮನೆಯ ಯಜಮಾನತಿ ಹುಡುಗಿಯ ತಲೆಯ ಮೇಲೆ ಕೈ ಹಿಡಿದು ಕರೆದುಕೊಂಡರು. ಹುಡುಗಿ ನನ್ನ ಕಡೆ ತಿರುಗಿ ಮೆಲ್ಲಗೆ, "ಮೇಸ್‌ಹೌ" ಅಂದಳು.

ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಅದರ ಅಂಚಿನ ಮೇಲೆ ಕೂತು ನೇಯುವುದು ಕುಣಿಮಗ್ಗ. ಕಾಲು ತುಳಿಗೆ ಹಲಗೆ ಮೇಲೆ, ಒಂದು ಕೈ ಲಾಳಿ ಓಡಿಸುವ ಹಗ್ಗದ ಮೇಲೆ, ಇನ್ನೊಂದು ಕೈ ಹಣಿಗೆಯ ಮೇಲೆ. ಹಾಸಿನ ಎಳೆಗಳು ಬಾಯಿ ತೆರೆದಾಗ ಲಾಳಿ ಈಚೆಯಿಂದ ಆಚೆಗೆ ಹಾರುತ್ತದೆ, ಅದರ ಹೊಟ್ಟೆಯಲ್ಲಿದ್ದ ಕಂಡಿಕೆಯಿಂದ ಹೊಕ್ಕಿನ ನೂಲು ಬಿಚ್ಚುತ್ತದೆ, ಹಣಿಗೆ ಬಂದು ಒತ್ತುತ್ತದೆ. ಇದು ಒಂದು ಎಳೆ. ಒಂದು ಸೀರೆಗೆ ಇಂಥವು ಸಾವಿರಾರು. ಕಂಡಿಕೆ ಸುತ್ತುವುದು ಹೆಚ್ಚಾಗಿ ಮನೆಯ ಮುದುಕಿಯರ, ಮಕ್ಕಳ ಕೆಲಸ. ಯಾರ ಲೆಕ್ಕದಲ್ಲೂ ಬರದ ಕೆಲಸ. ಆ ತಾಯಿ ಹುಡುಗಿಯನ್ನು ರಾಟೆಯ ಮುಂದೆ ಕೂಡಿಸಿದರು. ನೂಲು ಮೂರು ಸಲ ಹರಿಯಿತು. ನಾಲ್ಕನೆಯ ಸಲ ಕಂಡಿಕೆ ತುಂಬಿತು, ನಡುವೆ ಉಬ್ಬಿ, ಎರಡೂ ತುದಿ ತೆಳ್ಳಗಾಗಿ. ಅವರು ಅದನ್ನೇ ಲಾಳಿಯಲ್ಲಿಟ್ಟು ಒಂದು ಗೇಣು ನೇಯ್ದು ತೋರಿಸಿದರು.

"ಎಳಿ ಹರದಿದ್ದು ಹೆಂಗ ಗೊತ್ತಾಗತೈತ್ರಿ?" ಎಂದು ಅಕ್ಕನ ಮಗ ಕೇಳಿದ.

"ಕಣ್ಣಿಗಿಂತ ಮೊದಲ ಕಿವಿಗಿ ಗೊತ್ತಾಗತೈತ್ರಿ. ಮಗ್ಗದ ದನಿ ಬದಲಾಗತೈತಿ" ಅಂದರು.

ಇಂಥ ಮಾತು ಯಾವ ಪುಸ್ತಕದಲ್ಲೂ ಸಿಗಲಾರದು. ಇದಕ್ಕಾಗಿಯೇ ನಾನು ಜೊತೆಗೊಬ್ಬರು ಇರುವ ಪ್ರವಾಸದ ಪರ ವಾದಿಸುತ್ತೇನೆ. ಆದರೆ ಇಲ್ಲೊಂದು ಎಚ್ಚರವೂ ಬೇಕು. ನೇಕಾರರ ಮನೆ ಪ್ರದರ್ಶನದ ಅಂಗಡಿ ಅಲ್ಲ. ನಾವು ಅರ್ಧ ತಾಸು ಕೂತರೆ ಅವರ ಅರ್ಧ ತಾಸಿನ ನೇಯ್ಗೆ ನಿಲ್ಲುತ್ತದೆ; ನೇಕಾರನ ಕೂಲಿ ನೇಯ್ದ ಬಟ್ಟೆಯ ಮೇಲೆ. ಆದ್ದರಿಂದ ಅಂಥ ಪ್ರವಾಸದ ಟಿಕೀಟಿನಲ್ಲೇ ಆ ಅರ್ಧ ತಾಸಿನ ಕೂಲಿ ಸೇರಿರಬೇಕು, ಚಹಾ ಕುಡಿಸಿ ಕೈಮುಗಿದು ಬರುವುದಲ್ಲ. ಒಂದು ಮನೆಗೆ ವಾರಕ್ಕೊಮ್ಮೆಗಿಂತ ಹೆಚ್ಚು ಗುಂಪು ಹೋಗಬಾರದು. ಎಂಟು ಹತ್ತು ಜನ ಸಾಕು. ಆರ್ಕ್ನಿಯ ಗೋರಿಯೊಳಗೆ ಗುಂಪು ಸಣ್ಣದಿರಲಿ ಎಂದು ಕಲ್ಲಿನ ಮೇಲಿನ ಕಾಳಜಿಗೆ ನಿಯಮ ಮಾಡಿದ್ದಾರೆ. ಜೀವಂತ ಮನೆಗೆ ಅದಕ್ಕಿಂತ ಹೆಚ್ಚಿನ ಕಾಳಜಿ ಬೇಕು.

ಹಾದಿ ತಿರುಗಿಸಿ ತೇರದಾಳಕ್ಕೆ ಹೋದೆವು. ಅಲ್ಲಮಪ್ರಭುವಿನ ಗುಡಿ ಎಲ್ಲರಿಗೂ ಗೊತ್ತು, ಜಾತ್ರೆಗೆ ಜನ ಕೂಡುತ್ತಾರೆ. ನೇಮಿನಾಥ ಬಸದಿಯ ಕಡೆ ಹೋಗುವವರು ಕಡಿಮೆ. 1123ರಲ್ಲಿ ಇಲ್ಲಿಯ ಮಾಂಡಲಿಕ ಗೊಂಕ ಈ ಬಸದಿ ಕಟ್ಟಿಸಿದ. ಸವದತ್ತಿಯ ರಟ್ಟರ ಕಾರ್ತವೀರ್ಯನ ಕಾಲ. ಕೊಲ್ಲಾಪುರದ ಹೆಸರಾಂತ ಜೈನ ಗುರು ಮಾಘನಂದಿಯ ಹೆಸರು ಶಾಸನದಲ್ಲಿದೆ. ಅಯ್ಯಾವೊಳೆಯ, ಅಂದರೆ ಐಹೊಳೆಯ, ವ್ಯಾಪಾರಿಗಳ ದಾನದ ಮಾತೂ ಇದೆ. ಅಂದರೆ ಒಂಬೈನೂರು ವರ್ಷದ ಹಿಂದೆ ಈ ಊರ ದಾರಿಗಳು ಒಂದು ತುದಿಗೆ ಕೊಲ್ಲಾಪುರ, ಇನ್ನೊಂದು ತುದಿಗೆ ಐಹೊಳೆ ಮುಟ್ಟುತ್ತಿದ್ದವು. ಇಂದು ಮಹಾಲಿಂಗಪುರದ ಬೆಲ್ಲ, ಬನಹಟ್ಟಿಯ ಸೀರೆ ಮಹಾರಾಷ್ಟ್ರಕ್ಕೆ ಹೋಗುವ ಲಾರಿಗಳು ಓಡುವುದು ಹೆಚ್ಚೂಕಡಿಮೆ ಅದೇ ದಿಕ್ಕಿಗೆ.

ಮುಧೋಳಕ್ಕೆ ಹೊರಟಾಗ ಹುಡುಗಿಗೆ ಆಸೆ ಇದ್ದದ್ದು ಒಂದೇ: ನಾಯಿ. ಮುಧೋಳ ನಾಯಿ ಈಗ ಅಂಚೆಚೀಟಿ ಏರಿದ ನಾಯಿ, 2005ರಲ್ಲಿ. ಘೋರ್ಪಡೆ ಮನೆತನದ ಮಾಲೋಜಿರಾವ್ ಈ ತಳಿಯ ಜೋಡಿಯನ್ನು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಕೊಟ್ಟ ಮೇಲೆ ಮುಧೋಳದ ಹೆಸರು ನಾಯಿಗೆ ಅಂಟಿತು. ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇದೆ. ನಾವು ನಾಯಿ ಕಂಡದ್ದು ಒಬ್ಬ ರೈತರ ಅಂಗಳದಲ್ಲಿ. ಉದ್ದ ಮೂತಿ, ಆಳದ ಎದೆ, ಬೆನ್ನಿಗೆ ಅಂಟಿದಂಥ ಹೊಟ್ಟೆ. ಮೊದಲ ನೋಟಕ್ಕೆ ಹುಡುಗಿ, "ಇದಕ್ಕೆ ಊಟ ಹಾಕೋದಿಲ್ವಾ?" ಎಂದು ಕೇಳಿಬಿಟ್ಟಳು. ರೈತರು ಬೇಸರಿಸಲಿಲ್ಲ. ನಾಯಿಯ ಎದೆಗೂಡಿನ ಮೇಲೆ ಅವಳ ಅಂಗೈ ಇಡಿಸಿ, "ಇಲ್ಲೆ ನೋಡವಾ, ಉಸಿರು ಎಷ್ಟು ಹಿಡೀತೈತಿ. ಹೊಟ್ಟಿ ದಪ್ಪ ಆದ್ರ ಇದು ಓಡೂದಿಲ್ಲ" ಅಂದರು. ಮೂಸಿ ಹಿಡಿಯುವ ನಾಯಿಯಲ್ಲ, ನೋಡಿ ಅಟ್ಟುವ ನಾಯಿ. ಅದಕ್ಕೇ ಕಣ್ಣು ಅಷ್ಟು ತೀಕ್ಷ್ಣ. ಬಯಲು ಬೇಕು ಅದಕ್ಕೆ. ಪ್ರವಾಸಕ್ಕೆ ಬಂದವರು ಮರಿ ಕೊಂಡು ಬೆಂಗಳೂರಿನ ಫ್ಲ್ಯಾಟಿಗೆ ಒಯ್ಯುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ.

ಮುಧೋಳದಲ್ಲಿ ಅವಳನ್ನು ನಾನು ಕವಿ ರನ್ನನ ಪ್ರತಿಮೆಯ ಮುಂದೆ ನಿಲ್ಲಿಸಲಿಲ್ಲ. ಸಂತೆ ದಾರಿಯ ಬಳೆ ಅಂಗಡಿಗೆ ಕರೆದೊಯ್ದೆ. ಬಳೆಗಾರ್ತಿ ಹುಡುಗಿಯ ಬೆರಳುಗಳನ್ನು ಒಟ್ಟುಮಾಡಿ, ಹೆಬ್ಬೆರಳ ಗೆಣ್ಣನ್ನು ಒತ್ತಿ, ಹಸಿರು ಗಾಜಿನ ಬಳೆಯನ್ನು ಒಂದೊಂದಾಗಿ ಏರಿಸುವಾಗ ರನ್ನನ ಕಥೆ ಹೇಳಿದೆ. ಅವನೂ ಬಳೆಗಾರರ ಮನೆಯವನು. ಅಪ್ಪ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಊರು ಮುದುವೊಳಲು, ಅಂದರೆ ಈ ಮುಧೋಳ. ಜಂಬುಖಂಡಿ ಎಪ್ಪತ್ತು, ಬೆಳುಗಲಿ ಐನೂರು ಎಂಬ ನಾಡುಗಳ ಹೆಸರು ಹೇಳಿ ಅವನೇ ತನ್ನ ವಿಳಾಸ ಕೊಟ್ಟಿದ್ದಾನೆ. ಜಂಬುಖಂಡಿ ಇಂದಿನ ಜಮಖಂಡಿ. ಬೆಳುಗಲಿ ಇಂದಿನ ರನ್ನಬೆಳಗಲಿ. ಹತ್ತನೆಯ ಶತಮಾನದ ಕವಿ ಬರೆದ ವಿಳಾಸಕ್ಕೆ ಇಂದೂ ಬಸ್ಸಿನಲ್ಲಿ ಹೋಗಬಹುದು! ಆ ಹುಡುಗ ಓದಬೇಕೆಂಬ ಹಂಬಲದಿಂದ ತೆಂಕಣಕ್ಕೆ ಹೋದ, ಚಾವುಂಡರಾಯನ ಆಸರೆ ಪಡೆದ, ಮರಳಿ ಬಂದು ಚಾಲುಕ್ಯ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿ ಆದ. ಅತ್ತಿಮಬ್ಬೆಯ ಬೆಂಬಲದಿಂದ 993ರಲ್ಲಿ ಅಜಿತಪುರಾಣ ಬರೆದ. ಗದಾಯುದ್ಧದಲ್ಲಿ ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನ ಜೊತೆ ಹೋಲಿಸಿದ. ಸೋತ ದುರ್ಯೋಧನನಿಗೂ ಓದುಗರು ಕಣ್ಣೀರು ಹಾಕುವಂತೆ ಬರೆದ. ಆಶ್ರಯ ಕೊಟ್ಟವರ ಋಣ ಮರೆಯದೆ ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ ಎಂದು ಹೆಸರಿಟ್ಟ.

ಕಥೆ ಮುಗಿದಾಗ ಬಳೆಗಾರ್ತಿ ಕೈ ನಿಲ್ಲಿಸಿ ಕೇಳುತ್ತಿದ್ದರು. "ನಮ್ಮ ಮಂದಿ ಅಂದ್ರಿ?" ಎಂದು ಇನ್ನೊಮ್ಮೆ ಕೇಳಿದರು. ಮುಧೋಳದಲ್ಲಿ ರನ್ನನ ಹೆಸರಿನ ಉತ್ಸವ ನಡೆಯುತ್ತದೆ, 1995ರಲ್ಲಿ ಎಚ್.ಎಲ್. ನಾಗೇಗೌಡರ ಅಧ್ಯಕ್ಷತೆಯ ಸಾಹಿತ್ಯ ಸಮ್ಮೇಳನವೂ ನಡೆದಿದೆ. ಆದರೂ ಅವನು ಬಳೆಗಾರರವನು ಎಂಬ ಮಾತನ್ನು ಸಂತೆ ದಾರಿಯ ಈ ಅಂಗಡಿಗೆ ಯಾರೂ ಮುಟ್ಟಿಸಿರಲಿಲ್ಲ. ಜೊತೆಗೊಬ್ಬರು ನಿಂತು ಹೇಳುವುದು ಬಂದವರಿಗೆ ಮಾತ್ರವಲ್ಲ, ಇದ್ದವರಿಗೂ ಬೇಕಾಗಿದೆ ಎಂದು ನನಗೆ ಅನ್ನಿಸಿದ್ದು ಅಲ್ಲಿಯೇ.

ಹಲಗಲಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಇಲ್ಲಿ ಗೈಡ್ ಆದವರು ದನಿ ತಗ್ಗಿಸಿ ಮಾತಾಡಬೇಕು. 1857ರ ಕೊನೆಯಲ್ಲಿ ಬ್ರಿಟಿಷರು ಜನರ ಆಯುಧಗಳನ್ನು ಒಪ್ಪಿಸಿಕೊಳ್ಳುವ ಕಾನೂನು ತಂದರು. ಬೇಟೆಯಾಡಿ ಬದುಕುತ್ತಿದ್ದ ಇಲ್ಲಿಯ ಬೇಡರಿಗೆ ಆಯುಧ ಎಂದರೆ ಹೊಟ್ಟೆಯ ಅನ್ನ, ಮೈಮೇಲಿನ ಮಾನ. ಕೊಡುವುದಿಲ್ಲ ಅಂದರು. ನವೆಂಬರ್ ಕೊನೆಯ ದಿನಗಳಲ್ಲಿ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಸುಮಾರು ನೂರು ಜನ ಸತ್ತರು, 290 ಜನರನ್ನು ಸೆರೆ ಹಿಡಿದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನ, 14ರಂದು ಇದೇ ಹಲಗಲಿಯಲ್ಲಿ 6 ಜನ ಗಲ್ಲಿಗೇರಿದರು. ಜಡಗ, ಬಾಲ, ಹನುಮ, ರಾಮರ ಹೆಸರು ಲಾವಣಿಯಲ್ಲಿ ಉಳಿಯಿತು. ಆ ಲಾವಣಿಯನ್ನು ಬಾಯಿಂದ ಕೇಳಿ ಬರೆದುಕೊಂಡು ಅಚ್ಚು ಹಾಕಿಸಿದವನು ಬ್ರಿಟಿಷ್ ಅಧಿಕಾರಿ ಫ್ಲೀಟ್. ಆಮೇಲೆ ನಮ್ಮ ಮಕ್ಕಳು ಅದನ್ನು ಶಾಲೆಯ ಪಠ್ಯದಲ್ಲಿ ಓದಿದರು. ಆ ಪಾಠ ಓದಿದ ಎಷ್ಟು ಮಕ್ಕಳು ಹಲಗಲಿಯ ಮಣ್ಣು ತುಳಿದಿದ್ದಾರೆ? ಜಿಲ್ಲೆಯ ಶಾಲೆಗಳ ಪ್ರವಾಸದ ಬಸ್ಸು ಮೈಸೂರಿಗೆ ಹೋಗಲಿ, ಬೇಡ ಅನ್ನುವುದಿಲ್ಲ. ಆದರೆ ಇಲ್ಲಿ ಒಂದು ತಾಸು ನಿಂತು ಹೋಗಲಿ. ಬಯಲಲ್ಲಿ ಮಕ್ಕಳನ್ನು ಕೂಡಿಸಿ, ಹಾಡುವವರನ್ನು ಕರೆಸಿ, ಆ ಲಾವಣಿಯನ್ನು ಅದರ ಊರಲ್ಲೇ ಕೇಳಿಸಬೇಕು.

ಮುಂದಿನ ಹಾದಿ ಯಡಹಳ್ಳಿಯ ಕುರುಚಲು ಗುಡ್ಡಗಳ ನಡುವೆ. 2016ರಲ್ಲಿ ಇಲ್ಲಿಯ 96 ಚದರ ಕಿಲೋಮೀಟರ್ ಕಾಡು ಚಿಂಕಾರ ಧಾಮವಾಯಿತು, ರಾಜ್ಯದಲ್ಲಿ ಆ ಪ್ರಾಣಿಗೆಂದೇ ಮೀಸಲಾದ ಮೊದಲ ಧಾಮ. ನಮ್ಮ ಕಡೆ ಅದು ಚಿಗರಿ. ನಮಗೆ ಒಂದೂ ಕಾಣಲಿಲ್ಲ. ಬೀಳಗಿಯಲ್ಲಿ ಅರೆತ್ತಿನ ಬಾವಿ ನೋಡಿದೆವು. ಕಲ್ಲಲ್ಲಿ ಅರ್ಧ ಮೂಡಿದ ಎತ್ತಿನಿಂದ ಬಂದ ಹೆಸರು ಅನ್ನುತ್ತಾರೆ. ಮೆಟ್ಟಿಲಿಳಿದಂತೆ ತಂಪು ಏರುತ್ತಿತ್ತು, ಹುಡುಗಿ ಹೊಸ ಬಳೆ ಅಲುಗಿಸಿ ಪ್ರತಿಧ್ವನಿ ಕೇಳಿದಳು. ಕತ್ತಲಾಗುವ ಮೊದಲು ಸಂಗಮ ಮುಟ್ಟಬೇಕಿತ್ತು, ಹೊರಟೆವು.

ಚಿಕ್ಕಸಂಗಮದಲ್ಲಿ ದ್ವೀಪ ಮುಗಿಯುತ್ತದೆ. ಘಟಪ್ರಭೆ ಕೃಷ್ಣೆಯನ್ನು ಕೂಡುವ ಜಾಗ. ಈಗ ಯಾವ ನೀರು ಯಾವುದು ಎಂದು ಹೇಳಲಾಗದು. ಆಲಮಟ್ಟಿಗೆ 1964ರಲ್ಲಿ ಲಾಲ್‌ ಬಹದ್ದೂರ್‌ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಅಣೆಕಟ್ಟು ಎದ್ದು, ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರಕ್ಕೆ ನೀರು ನಿಂತ ಮೇಲೆ ನದಿ ಕೆರೆಯಾಯಿತು. ಅದನ್ನು 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಈ ಸೀಮೆಯ ಸಣ್ಣ ಮಕ್ಕಳಿಗೂ ಈ ಎರಡು ಅಂಕಿ ಬಾಯಿಪಾಠ, ಯಾಕೆಂದರೆ ಅವುಗಳ ನಡುವಿನ ಸುಮಾರು ಐದು ಮೀಟರಿನಲ್ಲಿ ಅವರ ಮನೆ ಇರಬಹುದು. ಸಂಗಮನಾಥನ ಗುಡಿಯ ಸುತ್ತ ನೀರು ಆವರಿಸಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಗುಡಿಗೆ ದಾರಿ ತೆರೆಯುತ್ತದೆ, ಕೆಸರಿನ ಅಂಚಿಗೆ ರಾಜಹಂಸಗಳು ಬಂದಿಳಿಯುತ್ತವೆ. ಈಗ ಮುಳುಗುವ ಸೂರ್ಯನ ಕೆಂಪು ಮಾತ್ರ ನೀರಿನ ಮೇಲೆ ಉದ್ದಕ್ಕೆ ಬಿದ್ದಿತ್ತು.

ದಂಡೆಯಲ್ಲಿ ಒಬ್ಬರು ಬಲೆ ಒಣಗಿಸುತ್ತಿದ್ದರು. ಎಪ್ಪತ್ತು ದಾಟಿದ ವಯಸ್ಸು. ಹುಡುಗಿ ತಾನಾಗಿ ಹತ್ತಿರ ಹೋಗಿ, ತನ್ನ ತೊದಲು ಕನ್ನಡದಲ್ಲಿ, "ಅಜ್ಜಾ, ನಿಮ್ಮ ಊರು ಯಾವ್ದು?" ಎಂದು ಕೇಳಿದಳು. ಅವರು ಬಲೆ ಬಿಟ್ಟು ಎದ್ದರು. ಅವಳ ಹಿಂದೆ ನಿಂತು, ಅವಳ ಬಲಗೈ ಹಿಡಿದು, ಬೆರಳನ್ನು ನೀರಿನ ಕಡೆ ಮಾಡಿದರು.

"ಅಲ್ಲೊಂದು ಒಣಾ ಜಾಲಿ ತುದಿ ಕಾಣತೈತೇನವಾ?"

"ಹ್ಞೂಂ."

"ಅದು ಹಣಮಪ್ಪನ ಗುಡಿ ಮುಂದಿನ ಜಾಲಿ. ಅದರ ಎಡಕ್ಕ ಬಾ. ಇನ್ನs ಸ್ವಲ್ಪ. ಹಾಂ, ಅಲ್ಲೇ. ಅದು ನಮ್ಮ ಅಂಗಳಾ. ಬಾಗಲಾ ಮೂಡಣಕ್ಕ ಇತ್ತು. ಹಿತ್ತಲದಾಗ ಬಾರಿ ಗಿಡ ಇತ್ತು, ನಿನ್ನಷ್ಟs ಹುಡುಗೂರು ಹತ್ತತಿದ್ರು."

ಅವಳು ಬೆರಳು ಇಳಿಸಲಿಲ್ಲ. ಅಂಗಳ ಎಷ್ಟು ದೊಡ್ಡದಿತ್ತು, ದನ ಎಲ್ಲಿ ಕಟ್ಟುತ್ತಿದ್ದರು, ಬಾವಿ ಯಾವ ಕಡೆ ಎಂದು ಒಂದರ ಹಿಂದೆ ಒಂದು ಕೇಳಿದಳು. ಅವರು ಒಂದೊಂದಕ್ಕೂ ಅವಳ ಕೈಯನ್ನು ನೀರಿನ ಮೇಲೆ ಅಷ್ಟಷ್ಟೇ ಸರಿಸುತ್ತ ಹೋದರು. ಜಾಲಿಯ ತುದಿ ಕತ್ತಲಲ್ಲಿ ಕರಗುವವರೆಗೆ ಹಸಿರು ಬಳೆಗಳ ಸದ್ದು ಕೇಳುತ್ತಿತ್ತು.